ಬ್ಯಾಂಡ್ ಸಾ ಕೊಂಡದ್ದು ನಾನು

ಕೆಲವರಿಗೆ ಹೋದಲ್ಲೆಲ್ಲ ಮಳೆ ಹಿಡಿಯುತ್ತದೆ, ಕೆಲವರಿಗೆ ಹೊರಟಾಗಲೆಲ್ಲ ಬಸ್ಸು ತಪ್ಪುತ್ತದೆ. ನನಗೆ ಹೋದಲ್ಲೆಲ್ಲ ಆಗುವುದು ಒಂದೇ. ಪ್ರಶ್ನೆ ನಾನು ಕೇಳುತ್ತೇನೆ, ಉತ್ತರವನ್ನು ನನ್ನ ಪಕ್ಕದಲ್ಲಿ ನಿಂತ ಗಂಡನಿಗೆ ಕೊಡುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಕ್ಲಾಸಿನಲ್ಲಿ ಹೀಗೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಡೀ ಊರನ್ನು ನಿಲ್ಲಿಸುವಷ್ಟು ಬೆಂಚು ಎಲ್ಲಿಂದ ತರಲಿ?

ನಿವೃತ್ತಿಯಾದ ಮೇಲೆ ಮರಗೆಲಸ ಹಿಡಿದೆ. ಸುಂಟಿಕೊಪ್ಪದ ನಮ್ಮ ಮನೆಯ ಹಿಂದೆ ಒಂದು ಶೆಡ್ಡು ಇದೆ. ಅಲ್ಲಿ ಸ್ಟೂಲು, ಮಣೆ, ಪುಸ್ತಕದ ಕಪಾಟು ಹೀಗೆ ಒಂದೊಂದೇ ಮಾಡಿಕೊಂಡು, ಬದುಕಿನಲ್ಲಿ ಮೊದಲ ಸಲ ಯಾರ ಗಂಟೆಗೂ ಕಾಯದೆ ಸುಖವಾಗಿದ್ದೆ. ನಮ್ಮ ಮನೆಯವರು ಆಫೀಸಿನಲ್ಲಿದ್ದು ನಿವೃತ್ತರಾದವರು. ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ನನ್ನನ್ನೇ ಕೂಗುತ್ತಾರೆ. ಕೆಟ್ಟವರಲ್ಲ. ಆದರೆ ಅವರಲ್ಲಿ ಒಂದು ಅಭ್ಯಾಸವಿದೆ. ಯಾರು ಏನು ಕೇಳಿದರೂ ತಲೆ ಸ್ವಲ್ಪ ಓರೆ ಮಾಡಿ, ಎರಡು ನಿಮಿಷ ಯೋಚಿಸಿದಂತೆ ಮಾಡಿ, “ನೋಡೋಣ” ಅನ್ನುತ್ತಾರೆ. ಆ ಒಂದು ಮಾತಿನಲ್ಲೇ ಪೂರ್ತಿ ಸರ್ವಿಸು ಮುಗಿಸಿದ್ದಾರೆ. ಕೇಳಿದವರು ಇವರಿಗೆ ಎಲ್ಲ ಗೊತ್ತು ಅಂದುಕೊಂಡು ಹೋಗುತ್ತಾರೆ.

ಮೊದಲು ಬಂದ ಮಷೀನು

ಹೋದ ವರ್ಷ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತು. ಹೆಬ್ಬೆರಳು ಅಲ್ಲಾಡಿಸಿದರೆ ಕಣ್ಣಲ್ಲಿ ನೀರು. ಇವರೇ ಮಡಿಕೇರಿಗೆ, ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

“ಬಟ್ಟೆ ಜಾಸ್ತಿ ಒಗೀತೀರಾ?” ಎಂದು ಕೇಳಿದರು ಡಾಕ್ಟರು.

“ಇಲ್ಲ ಡಾಕ್ಟ್ರೇ, ಮರ ಕುಯ್ತೀನಿ. ಕೈಗರಗಸದಲ್ಲಿ.”

ಡಾಕ್ಟರು ಕನ್ನಡಕ ಇಳಿಸಿ ಇವರನ್ನು ನೋಡಿದರು. “ಏನ್ ಸಾರ್ ಇದು, ಈ ವಯಸ್ಸಲ್ಲಿ ಮನೆಯವರ ಕೈಲಿ ಸೌದೆ ಕುಯ್ಯಿಸ್ತೀರಾ?”

“ಇಲ್ಲ ಸಾರ್, ನಮ್ಮಲ್ಲಿ ಗ್ಯಾಸ್ ಉಂಟು,” ಎಂದರು ಇವರು ಗಾಬರಿಯಾಗಿ.

ನಾನು ನನ್ನ ಹವ್ಯಾಸವನ್ನು ವಿವರಿಸಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ತೀರ್ಪನ್ನು ಇವರಿಗೆ ಹೇಳಿದರು. “ಕೈಗರಗಸ ಇನ್ನು ಮುಟ್ಟಲೇಬಾರದು ಸಾರ್. ಮುಟ್ಟಿದರೆ ಆಮೇಲೆ ಊಟದ ತುತ್ತು ಎತ್ತೋದೂ ಕಷ್ಟ. ಒಂದೋ ಆ ಕೆಲಸ ಬಿಡಿಸಿ, ಇಲ್ಲಾಂದ್ರೆ ಮಷೀನ್ ತೆಗೆದುಕೊಡಿ.”

ಬರುವಾಗ ಕಾರಿನಲ್ಲಿ ಅತ್ತೆ. ಆ ಶೆಡ್ಡು ಬಿಟ್ಟರೆ ನನ್ನದು ಅನ್ನುವುದು ಮನೆಯಲ್ಲಿ ಇನ್ನೇನೂ ಇರಲಿಲ್ಲ. “ಅಳಬೇಡ, ಮಷೀನೇ ತಗೊಳ್ಳೋಣ,” ಎಂದರು ಇವರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು “ನೋಡೋಣ” ಅನ್ನದೆ ಮಾತಾಡಿದ್ದು ಅದೇ ಮೊದಲು. ಮನಸ್ಸು ಕರಗಿಹೋಯಿತು.

ಮುಂದಿನ ವಾರ ಮನೆ ಮುಂದೆ ಟೆಂಪೋ ನಿಂತಿತು. ಇಬ್ಬರು ಸೇರಿ ದೊಡ್ಡ ಪೆಟ್ಟಿಗೆ ಇಳಿಸಿದರು. ಇವರು ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದರು. ನಾನು ಓಡಿ ಬಂದು ಪೆಟ್ಟಿಗೆ ಬಿಡಿಸಿದೆ. ಬಟ್ಟೆ ಒಗೆಯುವ ಮಷೀನು.

ಹಸಿರು ಬಣ್ಣದ್ದು

ನನಗೆ ಬೇಕಾಗಿದ್ದದ್ದು ಬ್ಯಾಂಡ್ ಸಾ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡರ ಸುತ್ತ ಬೆಲ್ಟಿನ ಹಾಗೆ ಓಡುವ ಉದ್ದನೆಯ ಬ್ಲೇಡು. ಮರವನ್ನು ಮೇಜಿನ ಮೇಲಿಟ್ಟು ನೂಕಿದರೆ ಸಾಕು, ನೇರವಾಗಿಯೂ ಕುಯ್ಯುತ್ತದೆ, ಬಳುಕಿಸಿಯೂ ಕುಯ್ಯುತ್ತದೆ. ಎರಡು ತಿಂಗಳು ಕೂತು ಓದಿದೆ, ವೀಡಿಯೋ ನೋಡಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಚಕ್ರ ಹದಿನಾಲ್ಕು ಇಂಚಿನದು ಇರಬೇಕು. ಆರಿಂಚು ದಪ್ಪದ ಮರ ಹಿಡಿಯಬೇಕು. ಮನೆಯ ಕರೆಂಟಿನಲ್ಲಿ, ಸಿಂಗಲ್ ಫೇಸಿನಲ್ಲೇ ಓಡಬೇಕು. ಪಾಠದ ತಯಾರಿಯನ್ನೂ ನಾನು ಇಷ್ಟು ಮಾಡಿದವಳಲ್ಲ.

ವಿರಾಜಪೇಟೆಯಲ್ಲಿ ಒಂದು ದೊಡ್ಡ ಅಂಗಡಿಯಿದೆ ಎಂದು ಯಾರೋ ಹೇಳಿದರು. ಹೋದೆವು. ನಾನು ರಿಟೈರ್ಡ್ ಟೀಚರೆಂದು ಪರಿಚಯ ಹೇಳಿಕೊಂಡು, ನೋಟ್‌ಬುಕ್ ತೆಗೆದು ಒಂದೊಂದಾಗಿ ಓದಿದೆ. ಅಂಗಡಿಯವರು ತಾಳ್ಮೆಯಿಂದ ಕೇಳಿ ಇವರ ಕಡೆ ತಿರುಗಿದರು.

“ಸಾರ್, ನಿಮ್ಗೆ ಎಷ್ಟು ಇಂಚಿಂದು ಬೇಕಾಗ್ತದೆ?”

ಇವರು ತಲೆ ಓರೆ ಮಾಡಿದರು. “ನೋಡೋಣ.”

“ಹದಿನಾಲ್ಕು ಅಂತ ಈಗ ಹೇಳಿದ್ನಲ್ಲ,” ಎಂದೆ ನಾನು.

“ಹೌದು ಟೀಚರೇ, ನಿಮ್ಗೆ ನಿಂತು ನಿಂತು ಸಾಕಾಯ್ತೇನೋ. ಆ ಕಡೆ ಮಿಕ್ಸಿ, ಗ್ರೈಂಡರ್ ಎಲ್ಲ ಹೊಸದು ಬಂದುಂಟು. ನೋಡ್ತಾ ಇರಿ,” ಎಂದು ಒಂದು ಕುರ್ಚಿಯನ್ನೂ ಹಾಕಿಸಿಕೊಟ್ಟರು.

ಮಿಕ್ಸಿಗಳ ಮಧ್ಯೆ ಕೂತು ಕೇಳಿಸಿಕೊಂಡೆ. ಅಂಗಡಿಯವರು ಮೋಟಾರಿನ ವಿಷಯ ಹೇಳಿದರು, ಬ್ಲೇಡಿನ ಹಲ್ಲಿನ ವಿಷಯ ಹೇಳಿದರು, ಮೇಜು ಓರೆಯಾಗುವುದನ್ನು ತೋರಿಸಿದರು. ಇವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ತಮ್ಮ ಕಡೆಯಿಂದಲೂ ಒಂದು ಪ್ರಶ್ನೆ ಇರಲಿ ಅನ್ನಿಸಿತೇನೋ.

“ಇದರಲ್ಲಿ ಹಸಿರು ಬಣ್ಣದ್ದು ಇಲ್ವಾ?” ಎಂದರು.

ಅಂಗಡಿಯವರು ಕೌಂಟರಿನ ಹುಡುಗಿಗೆ ಹೇಳಿದ್ದು ನನಗೂ ಕೇಳಿಸಿತು. “ಸಾರಿಗೆ ಒಳ್ಳೇ ಅನುಭವ ಉಂಟು.”

ನನ್ನನ್ನು ಕೇಳಿಸಿಕೊಂಡ ಒಬ್ಬರು

ಮರ ಕುಯ್ಯುವ ಸಾಮಿಲ್ಲಿನಲ್ಲಿ ಜೀವಮಾನ ಕಳೆದ ಹಿರಿಯರೊಬ್ಬರು ಕುಶಾಲನಗರದ ಕಡೆ ಇದ್ದಾರೆಂದು ತಿಳಿಯಿತು. ಎಡಗೈಯಲ್ಲಿ ಎರಡು ಬೆರಳಿಲ್ಲ. ನಾನು ಹೋದ ದಿನ ಇವರು ಊಟದ ಮಂಪರಿನಲ್ಲಿ ಕಾರಿನಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ. ಒಬ್ಬಳೇ ಒಳಗೆ ಹೋಗಿ ಟೀಚರೆಂದು ಪರಿಚಯ ಹೇಳಿಕೊಂಡೆ.

ಅಲ್ಲಿ ಕಳೆದ ಒಂದು ಗಂಟೆಯನ್ನು ನಾನು ಮರೆಯುವುದಿಲ್ಲ. ಆ ಹಿರಿಯರು ನನ್ನ ಮುಖ ನೋಡಿಯೇ ಮಾತಾಡಿದರು. ಮಿಲ್ಲಿನ ದೊಡ್ಡ ಯಂತ್ರದ ಬಾಗಿಲು ತೆಗೆದು, ನನ್ನಷ್ಟೇ ಎತ್ತರದ ಎರಡು ಚಕ್ರಗಳನ್ನು ತೋರಿಸಿದರು. “ದೊಡ್ಡದಿರಲಿ ಸಣ್ಣದಿರಲಿ ಟೀಚರೇ, ಈ ಎರಡು ಚಕ್ರ ಒಂದೇ ಗೆರೆಯಲ್ಲಿ ನಿಲ್ಲಬೇಕು. ಇಲ್ಲಾಂದ್ರೆ ಬ್ಲೇಡ್ ಕಳಚಿ ಬೀಳ್ತದೆ. ತಗೊಳ್ಳೋವಾಗ ಬಣ್ಣ ನೋಡ್ಬೇಡಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಕೆಲಸ ಮುಗಿದ ಮೇಲೆ ಬ್ಲೇಡ್ ಸಡಿಲ ಮಾಡಿ ಇಡಿ. ಬೆರಳು ಯಾವತ್ತೂ ಬ್ಲೇಡಿನ ನೇರಕ್ಕೆ ಇಡ್ಬೇಡಿ. ನಾನು ಇಟ್ಟಿದ್ದೆ,” ಎಂದು ಎಡಗೈ ಎತ್ತಿ ತೋರಿಸಿದರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾನು ಕೇಳಿದ ಪ್ರಶ್ನೆಗಳಿಗೆಲ್ಲ “ಒಳ್ಳೇ ಪ್ರಶ್ನೆ” ಅಂದರು.

ಹೊರಡುವಾಗ ಕಾರಿನ ತನಕ ಬಂದರು. ಆ ಹೊತ್ತಿಗೆ ಇವರು ಎದ್ದು ಆಕಳಿಸುತ್ತಿದ್ದರು. ಹಿರಿಯರು ಕಿಟಕಿಗೆ ಬಗ್ಗಿ ಇವರ ಕೈ ಕುಲುಕಿದರು.

“ಸಾರ್, ಎಷ್ಟು ಚೆನ್ನಾಗಿ ಪ್ರಶ್ನೆ ಬರೆದು ಕಳ್ಸಿದ್ದೀರಿ. ನಾನು ಹೇಳಿದ್ದನ್ನ ಟೀಚರು ಒಂದೂ ಬಿಡದೆ ಬರ್ಕೊಂಡಿದ್ದಾರೆ. ಮನೆಗೆ ಹೋಗಿ ಸಾವಕಾಶ ಓದ್ಕೊಳ್ಳಿ.”

ಸ್ವಿಚ್ಚು

ಕೊನೆಗೆ ಮೈಸೂರಿಗೆ ಹೋಗಿ ನೋಡಿ ಅಲ್ಲಿಂದ ತರಿಸಿದೆ. ಹದಿನಾಲ್ಕು ಇಂಚಿನದು, ಚಕ್ರ ನಾನೇ ತಿರುಗಿಸಿ ನೋಡಿ ಒಪ್ಪಿದ್ದು, ನನ್ನ ಪೆನ್ಶನ್ನಿನಲ್ಲಿ ಕೊಂಡದ್ದು. ಬಣ್ಣ ಹಸಿರೇ ಇತ್ತು. ಇವರು ಇವತ್ತಿಗೂ ಅದು ತಮ್ಮ ಆಯ್ಕೆ ಅಂದುಕೊಂಡಿದ್ದಾರೆ.

ವೈರಿಂಗಿನವರು ಬಂದು, ಮಳೆಗಾಲದ ನಮ್ಮ ಕರೆಂಟಿಗೆ ಮಷೀನಿನ ಸ್ವಿಚ್ಚು ಆಗುವುದಿಲ್ಲ, ಅದನ್ನು ತೆಗೆದು ಗೋಡೆಗೆ ಸ್ಟಾರ್ಟರ್ ಸ್ವಿಚ್ಚು ಹಾಕಬೇಕು ಎಂದರು. ಸರಿ ಎಂದು ಅವರಿಗೆ ಕಾಫಿ ಮಾಡಲು ಒಳಗೆ ಹೋದೆ. ಐದೇ ನಿಮಿಷ. ಅಷ್ಟರಲ್ಲಿ ಅವರು ಇವರನ್ನು ಕೇಳಿದ್ದಾರೆ. “ಸ್ವಿಚ್ ಎಲ್ಲಿಗೆ ಕೊಡ್ಲಿ ಸಾರ್?”

ಇವರು ಈ ಸಲ “ನೋಡೋಣ” ಅನ್ನಲಿಲ್ಲ. “ಮಕ್ಕಳ ಕೈಗೆ ಸಿಗದ ಹಾಗೆ ಕೊಡಿ,” ಅಂದಿದ್ದಾರೆ. ನಮ್ಮ ಮನೆಯಲ್ಲಿರುವ ಅತಿ ಚಿಕ್ಕ ಜೀವ ಅಂದರೆ ನಾನು. ವಯಸ್ಸು ಅರವತ್ತೆರಡು, ಎತ್ತರ ಐದಡಿಗೆ ಒಂದಿಂಚು ಕಮ್ಮಿ.

ಕಾಫಿ ತರುವಷ್ಟರಲ್ಲಿ ಸ್ವಿಚ್ಚು ನನ್ನ ಕೈಗೆಟುಕದಷ್ಟು ಮೇಲೆ, ಶೆಡ್ಡಿನ ಮಾಡಿನ ಹತ್ತಿರ ಕೂತಿತ್ತು. ಸ್ಟೂಲು ಹತ್ತಿ ಆನ್ ಮಾಡಬಹುದು. ಆದರೆ ಬ್ಲೇಡು ಓಡುತ್ತಿರುವಾಗ ಪಕ್ಕದಲ್ಲಿ ಸ್ಟೂಲು ಹತ್ತಿ ಆಫ್ ಮಾಡುವಷ್ಟು ಬೆರಳು ನನ್ನ ಹತ್ತಿರ ಜಾಸ್ತಿಯಿಲ್ಲ. ಹಾಗಾಗಿ ಮೂರು ದಿನ, ಒಂದೊಂದು ತುಂಡು ಕುಯ್ದಾಗಲೂ “ರೀ, ಆಫ್ ಮಾಡಿ” ಎಂದು ಕೂಗಬೇಕಾಯಿತು. ಇವರು ಪೇಪರು ಮಡಚಿಟ್ಟು ಬಂದು ಸ್ವಿಚ್ಚು ಒತ್ತಿ, ಮೈಮೇಲೆ ಬಿದ್ದ ಮರದ ಪುಡಿಯನ್ನು ಟವೆಲಿನಲ್ಲಿ ಕೊಡವಿಕೊಳ್ಳುತ್ತಾ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

ನಾಲ್ಕನೇ ದಿನ ಮೈನ್ ಆಫ್ ಮಾಡಿ, ಸ್ಟಾರ್ಟರನ್ನು ನಾನೇ ಬಿಚ್ಚಿ ಸೊಂಟದ ಎತ್ತರಕ್ಕೆ ಇಳಿಸಿದೆ. ಅಷ್ಟರಲ್ಲಿ ತಡವಾಗಿತ್ತು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಹೇಳಿದರು. “ಸಾರ್ ಪಾಪ, ರಿಟೈರ್ಡ್ ಆದ್ಮೇಲೂ ಎಷ್ಟು ದುಡೀತಾರೆ. ನೀವಾದ್ರೂ ಹೇಳಬಾರ್ದಾ ಟೀಚರ್?”

ವೈನು ಮತ್ತು ಸ್ಕ್ವಾಷು

ಸುದ್ದಿ ಹತ್ತಿರದ ಕಾಫಿ ಎಸ್ಟೇಟಿಗೂ ಮುಟ್ಟಿತು. ಒಂದು ದಿನ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಜೀಪಿನಲ್ಲಿ ಸಿಲ್ವರ್ ಓಕಿನ ತುಂಡುಗಳನ್ನು ತಂದು ಅಂಗಳದಲ್ಲಿ ಇಳಿಸಿದರು. “ಸಾರ್ ಮಿಲ್ ಹಾಕಿದ್ದಾರೆ ಅಂತ ಕೇಳ್ದೆ. ಸ್ವಲ್ಪ ಹಲಗೆ ಮಾಡಿಕೊಡ್ಬೇಕಲ್ಲ.”

“ನೋಡೋಣ,” ಎಂದರು ಇವರು. ಒಳಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದರು, “ಬುಧವಾರಕ್ಕೆ ಆಗುತ್ತಾ?”

ಕುಯ್ದುಕೊಟ್ಟೆ. ಯಾಕೆ ಅಂದರೆ, ಆ ಮರ ಚೆನ್ನಾಗಿತ್ತು. ಮರದ ಮೇಲೆ ನನಗೆ ಸಿಟ್ಟಿರಲಿಲ್ಲ. ಗುರುವಾರ ರೈಟರು ಮನೆಯಲ್ಲೇ ಮಾಡಿದ ವೈನಿನ ಬಾಟಲಿ ಒಂದನ್ನು ತಂದು ಇವರ ಕೈಗಿಟ್ಟರು. ನನಗೂ ನೆನಪಿಟ್ಟು ಕಿತ್ತಳೆ ಸ್ಕ್ವಾಷು ತಂದಿದ್ದರು. ಅವರು ಹೋದ ಮೇಲೆ ಇವರು ವೈನನ್ನು ಲೋಟಕ್ಕೆ ಬಗ್ಗಿಸಿ, ಅರ್ಧ ನನಗೆ ಕೊಟ್ಟರು.

“ತಗೋ, ನಿಂಗೆ ಸುಸ್ತಾಗಿರುತ್ತೆ.”

ಅಂದರೆ ಗೊತ್ತಿತ್ತು. ಯಾರು ಕುಯ್ದದ್ದು ಎಂದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಅರ್ಧ ಲೋಟ ಕುಡಿದು, ಉಳಿದ ಬಾಟಲಿಯನ್ನೂ ನಾನೇ ಎತ್ತಿಟ್ಟುಕೊಂಡು, ಇವರ ಮುಂದೆ ಸ್ಕ್ವಾಷು ಇಟ್ಟೆ.

ಚಕ್ರ ಎಷ್ಟು?

ನಾನು ಪಾಠ ಮಾಡಿದ ಶಾಲೆಗೆ ಈಗ ನನ್ನ ಶಿಷ್ಯನೇ ಹೆಡ್‌ಮಾಸ್ಟರು. ಒಂದು ದಿನ ಮನೆಗೆ ಬಂದು ಇವರನ್ನು ಕೇಳಿದ, ಸಭಾಂಗಣಕ್ಕೆ ಒಂದು ಭಾಷಣದ ಪೀಠ ಬೇಕಾಗಿತ್ತು ಸಾರ್, ನಿಮ್ಮ ಕೈಯಿಂದ ಆಗಬೇಕು ಎಂದು. ಇವರು ಏನು ಹೇಳಿದರು ಎಂದು ಮತ್ತೆ ಬರೆಯಬೇಕಾಗಿಲ್ಲ.

ಆ ಪೀಠಕ್ಕೆ ಆರು ವಾರ ಹಿಡಿಯಿತು. ಹಲಸಿನ ಮರ. ಎರಡೂ ಪಕ್ಕದಲ್ಲಿ ಬಳುಕು ಕೊಟ್ಟೆ, ಅದು ಬ್ಯಾಂಡ್ ಸಾ ಇಲ್ಲದೆ ಆಗುವ ಕೆಲಸವೇ ಅಲ್ಲ. ಎತ್ತರವನ್ನು ಮಾತ್ರ ನನ್ನ ಅಳತೆಗೆ ಮಾಡಿದೆ. ಆ ಸಭಾಂಗಣದಲ್ಲಿದ್ದ ಹಳೆಯ ಪೀಠದ ಹಿಂದೆ ನಿಂತರೆ ಮೂವತ್ತೊಂದು ವರ್ಷವೂ ನನ್ನ ತಲೆ ಮಾತ್ರ ಕಾಣುತ್ತಿತ್ತು. ಮಷೀನಿನಿಂದಾಗಿ ಆ ಆರು ವಾರವೂ ಕೈ ನೋಯಲಿಲ್ಲ. ಇದೊಂದಾದರೂ ನನ್ನ ಹೆಸರಿನಲ್ಲಿರಲಿ ಎಂದು ಆಸೆಯಾಯಿತು. ಇವರನ್ನು ಕೂರಿಸಿ ಹೇಳಿದೆ. “ರೀ, ಇದು ಯಾರು ಮಾಡಿದ್ದು ಅಂತ ಅವನಿಗೆ ಒಂದು ಮಾತು ಹೇಳಿಬಿಡಿ.”

“ಖಂಡಿತ,” ಎಂದರು.

ಆಮಂತ್ರಣ ಪತ್ರಿಕೆ ಬಂತು. ಪೀಠವನ್ನು ಸ್ವಹಸ್ತದಿಂದ ತಯಾರಿಸಿಕೊಟ್ಟ ಹವ್ಯಾಸಿ ಬಡಗಿ, ನಮ್ಮ ಮನೆಯವರಿಗೆ ಸನ್ಮಾನ. ಬಳಿಕ ಅವರಿಂದ ಮಕ್ಕಳಿಗೆ ಮರಗೆಲಸದ ಬಗ್ಗೆ ನಾಲ್ಕು ಮಾತು.

“ಹೇಳಲಿಲ್ವಾ?”

“ಹೇಳೋಣ ಅಂತಲೇ ಹೋಗಿದ್ದೆ ಕಣೇ. ಅಷ್ಟರಲ್ಲಿ ಕಾರ್ಡ್ ಪ್ರಿಂಟ್ ಆಗಿಬಿಟ್ಟಿತ್ತು. ಪಾಪ, ಅವನಿಗೆ ಮುಜುಗರ ಆಗುತ್ತಲ್ಲ.”

ಸಮಾರಂಭದ ದಿನ ಇವರಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನನ್ನ ಶಿಷ್ಯ ಮೈಕಿನಲ್ಲಿ, “ಸಾರ್ ಇಂಥ ಕೆಲಸದಲ್ಲಿ ತೊಡಗಿರುವಾಗ ಕಾಲಕಾಲಕ್ಕೆ ಕಾಫಿ ಕೊಟ್ಟು ಸಹಕರಿಸಿದ ನಮ್ಮ ಟೀಚರನ್ನೂ ಈ ಸಂದರ್ಭದಲ್ಲಿ ನೆನೆಯಬೇಕು,” ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮುಂದಿನ ಸಾಲಿನಲ್ಲಿದ್ದೆ. ಹಿಂದಿನ ಸಾಲಿನಲ್ಲಿ ಸಾಮಿಲ್ಲಿನ ಹಿರಿಯರು ಕೂತಿದ್ದರು, ಇವರ ಮಾತು ಕೇಳಬೇಕೆಂದೇ ಬಸ್ಸು ಹತ್ತಿ ಬಂದಿದ್ದರಂತೆ. ಎರಡು ಸಾಲು ಆಚೆ ಮಕ್ಕಳು ಪೆನ್ನು ಪುಸ್ತಕ ತೆಗೆದು ಬರೆದುಕೊಳ್ಳಲು ಸಿದ್ಧರಾದರು.

ಇವರು ನನ್ನ ಪೀಠದ ಹಿಂದೆ ಹೋಗಿ ನಿಂತರು. ಅದು ಸೊಂಟಕ್ಕೆ ಬಂತು. ಕೈ ಎಲ್ಲಿಡುವುದೆಂದು ತೋಚದೆ ಹಣ್ಣಿನ ಬುಟ್ಟಿಯನ್ನು ಎತ್ತಿಕೊಂಡರು. ಆಮೇಲೆ, ಅದನ್ನು ನನಗೆ ಕೊಡುವ ನೆಪದಲ್ಲಿ ವೇದಿಕೆಯಿಂದ ಇಳಿದು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿದರು. ಪೇಟ ನನ್ನ ಹಣೆಗೆ ತಾಗಿತು.

“ಏನೇ, ಒಂದು ಸಣ್ಣ ಡೌಟು. ನಮ್ಮ ಮಷೀನಿಗೆ ಚಕ್ರ ಎಷ್ಟು?”

ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ತಲೆ ಸ್ವಲ್ಪ ಓರೆ ಮಾಡಿ ಯೋಚಿಸಿದೆ.

“ಮೂರು,” ಎಂದೆ.