ಎಲೆಕ್ಟ್ರಿಷಿಯನ್ ಕಟ್ಟಿದ ಗೇಮಿಂಗ್ ಕಂಪ್ಯೂಟರು

ಊರವರ ಮನೆಗಳಲ್ಲಿ ನಾನು ಭಾರೀ ಬುದ್ಧಿವಂತ. ಹೆಮ್ಮಾಡಿ ಸುತ್ತಮುತ್ತ ವಯರಿಂಗ್ ಮಾಡಿಯೇ ನನ್ನ ತಲೆ ನೆರೆತದ್ದು. ಮಿಕ್ಸಿ ತಿರುಗುವುದಿಲ್ಲ ಎಂದು ಯಾರಾದರೂ ಕರೆದರೆ, "ಮೊದ್ಲ್ ಪ್ಲಗ್ಗಿಗೆ ಕರೆಂಟ್ ಬತ್ತಾ ಕಂಡಿದ್ರ್ಯಾ?" ಎಂದು ಕೇಳಿ, ಅವರ ಮುಖ ಸಣ್ಣದಾಗುವುದನ್ನು ನೋಡುತ್ತಾ ಚಾ ಕುಡಿಯುವವ ನಾನು. ಸ್ವಂತ ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ಆ ಬುದ್ಧಿ ಎಲ್ಲಿಗೆ ಹೋಗುತ್ತದೋ, ದೇವರಿಗೇ ಗೊತ್ತು.

ಬಸ್ ಡ್ರೈವರ್ ಆಗಬೇಕೆಂದು ನನಗೆ ಸಣ್ಣಂದಿನಿಂದ ಆಸೆ. ಲೈಸೆನ್ಸ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿ ಆ ಆಸೆ ಬಿಟ್ಟಿದ್ದೆ. ಈಗ ನಲವತ್ತೈದಕ್ಕೆ ಗೊತ್ತಾಯಿತು, ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಆಟ ಇದೆಯಂತೆ. ಎಲ್ಲಿ ಗುದ್ದಿದರೂ ಬೈಯುವವರಿಲ್ಲ. ಬಿಡಿಭಾಗ ತಂದು ನಾವೇ ಜೋಡಿಸಿಕೊಂಡರೆ ಅಗ್ಗವಂತೆ.

ಬಾರ್ಕೂರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಕೇಳಿ ನಕ್ಕ. "ನಿನ್ ಹತ್ರ ಆಪ್ದಲ್ಲ ಮಾರಾಯ. ಬಪ್ಪ ಭಾನುವಾರ ಅದ್ ಶುರು ಆಗ್ದಿರೆ, ನಂಗೆ ಕೊಡ್ಕ್. ಸರಿ ಮಾಡ್ಸಿ ಅಂಗ್ಡಿ ಬಿಲ್ ಮಾಡುಕೆ ಇಟ್ಕಂತೆ."

"ಆಯ್ತ್, ಕೊಡ್ತೆ," ಅಂದುಬಿಟ್ಟೆ. ಬಾಯಿಗೆ ಬೀಗ ಇಲ್ಲದವನಿಗೆ ಇನ್ನೇನಾಗುತ್ತದೆ? ನನ್ನ ಬಸ್ಸು ಬೆಲ್ಲ ಬೇಳೆಯ ಬಿಲ್ ಹೊಡೆಯಲು ಹೋಗುವ ಹೆದರಿಕೆ ಅಂದಿನಿಂದಲೇ ಶುರುವಾಯಿತು.

ಮೊದಲು ಲೈಟಿಂಗ್

ಕುಂದಾಪುರದ ಕಂಪ್ಯೂಟರ್ ಅಂಗಡಿಗೆ ಪಟ್ಟಿ ಹಿಡಿದುಕೊಂಡೇ ಹೋಗಿದ್ದೆ. ಒಳಗೆ ಕಾಲಿಟ್ಟದ್ದೇ ಕಂಡದ್ದು ಕಂಪ್ಯೂಟರಿನ ಗಾಜಿನ ಪೆಟ್ಟಿಗೆ, ಅದರ ಮುಂಭಾಗದೊಳಗೆ ಬಣ್ಣ ಬಣ್ಣದ ಲೈಟಿನ ಫ್ಯಾನು. ಮದುವೆ ಹಾಲ್‌ಗಳಿಗೆ ಲೈಟಿಂಗ್ ಮಾಡುವವನ ಕಣ್ಣು ಬೇರೆಲ್ಲಿಗೆ ಹೋಗುತ್ತದೆ? ಪಟ್ಟಿ ಕಿಸೆಗೆ ಸೇರಿತು, ಪೆಟ್ಟಿಗೆ ಬಿಲ್ಲಿಗೆ ಸೇರಿತು.

ಆಮೇಲೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ. ಅಂಗಡಿಯವರು ಸಣ್ಣದು ಸಾಕೆಂದರು. "ಲೋಡಿನ ವಿಷಯ ನಂಗೆ ಹೇಳ್ಕೊಡ್ಬೇಡಿ," ಎಂದು ಬಾವಿಯ ಪಂಪಿಗೆ ಸಾಕಾಗುವಂಥದ್ದನ್ನೇ ತೆಗೆದುಕೊಂಡೆ. ಆಟಕ್ಕೆ ನಿಜವಾಗಿ ಬೇಕಾದ ಗ್ರಾಫಿಕ್ಸ್ ಕಾರ್ಡಿನ ಸರದಿ ಬರುವಾಗ, ಹೊಸ ಕಾರ್ಡಿನ ಡಬ್ಬಿ ಮುಟ್ಟುವಷ್ಟೂ ದುಡ್ಡು ಉಳಿದಿರಲಿಲ್ಲ.

ಅಂಗಡಿಯವರು ನನ್ನ ಸಾಮಾನನ್ನೊಮ್ಮೆ ನೋಡಿದರು. "ಅಣ್ಣ, ಮಂಟಪ ಆಯ್ತ್, ಲೈಟಿಂಗ್ ಆಯ್ತ್, ಜನರೇಟರೂ ಬಂತ್. ಮದುಮಗ ಎಲ್ಲಿ?"

ಒಂದು ಗೇಣು, ಎರಡು ಬೆರಳು

ಮದುಮಗ ಉಪ್ಪುಂದದಲ್ಲಿ ಸಿಕ್ಕಿದ. ಮೀನಿಗೆ ಹೋಗುವವರೊಬ್ಬರು ತಮ್ಮ ಹಳೆ ಕಾರ್ಡ್ ಮಾರುವವರಿದ್ದರು. ನನ್ನ ಪೆಟ್ಟಿಗೆಯೊಳಗೆ ಹಿಡಿಯಬೇಕಲ್ಲ, ಎಷ್ಟು ಉದ್ದ ಎಂದು ಫೋನಿನಲ್ಲಿ ಕೇಳಿದೆ.

"ಒಂದ್ ಗೇಣ್, ಎರಡ್ ಬೆರ್ಳ್."

ನಾನೂ ಪೆಟ್ಟಿಗೆಯೊಳಗೆ ಗೇಣು ಹಾಕಿ ನೋಡಿದೆ. ಸರೀ ಹಿಡಿಯುತ್ತದೆ. ಬಸ್ಸಿನಲ್ಲಿ ಹೋಗಿ ಅವರ ಕೈ ಕುಲುಕಿದಾಗ ನನ್ನ ಕೈ ಅವರ ಕೈಯೊಳಗೆ ಕಾಣದೇ ಹೋಯಿತು. ಬಲೆ ಎಳೆದ ಕೈ, ಎಂದು ಮನಸ್ಸಿನಲ್ಲೇ ಹೊಗಳಿದೆನೇ ಹೊರತು ಗೇಣಿನ ನೆನಪಾಗಲಿಲ್ಲ.

ಮನೆಯಲ್ಲಿ ಇಟ್ಟು ನೋಡಿದರೆ ಕಾರ್ಡ್ ನನ್ನ ಅಳತೆಗಿಂತ ಎರಡು ಬೆರಳು ಹೆಚ್ಚು ಉದ್ದ. ಅದು ಹಿಡಿಯಬೇಕಾದರೆ ಮುಂದಿನ ಬಣ್ಣದ ಫ್ಯಾನ್ ತೆಗೆಯಬೇಕು. ಯಾವುದಕ್ಕೆ ಮರುಳಾಗಿ ದುಡ್ಡು ಸುರಿದೆನೋ ಅದನ್ನೇ ಕಳಚಿ ಮೇಜಿನ ಮೇಲಿಟ್ಟೆ.

ಹೆಂಡತಿ ಅದನ್ನು ತಿರುಗಿಸಿ ನೋಡಿ ಕೇಳಿದಳು, "ಇದ್ರಗೆ ಒಲೆ ಊದುಕೆ ಆತ್ತಾ?"

ಭಾನುವಾರ

ಶನಿವಾರ ಸಂಜೆಯೊಳಗೆ ಎಲ್ಲ ಜೋಡಿಸಿ ಮುಗಿಸಿದ್ದೆ. ಭಾವನ ಎದುರೇ ಶುರು ಮಾಡಬೇಕೆಂದು ಗುಂಡಿ ಮಾತ್ರ ಮುಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಭಾವ ಬಂದ, ರಿಕ್ಷಾ ಮಾಡಿಕೊಂಡೇ ಬಂದ. ಗುಂಡಿ ಒತ್ತಿದೆ. ಸುದ್ದಿಯಿಲ್ಲ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿ ಒತ್ತಿದೆ. ಆಗಲೂ ಇಲ್ಲ. ಉಪ್ಪುಂದದವರು ಹಾಳಾದ ಕಾರ್ಡ್ ಕೊಟ್ಟರೆಂದು ಬೈದೆ. ಕುಂದಾಪುರದ ಅಂಗಡಿಯವರಿಗೆ ಫೋನ್ ಮಾಡಿದೆ.

"ಅಣ್ಣ, ತಪ್ಪ್ ತಿಳ್ಕಂಬೇಡಿ. ಪ್ಲಗ್ಗಿಗೆ ಕರೆಂಟ್ ಬತ್ತಾ ಕಂಡಿದ್ರ್ಯಾ?"

ನನಗೆ ಪಿತ್ತ ನೆತ್ತಿಗೇರಿತು. "ತಲಿ ಮೇಲೆ ಫ್ಯಾನ್ ತಿರ್ಗ್ತಾ ಇತ್ತ್ ಮಾರಾಯ್ರೆ. ನಾನ್ ಎಲೆಕ್ಟ್ರಿಷಿಯನ್." ಫೋನ್ ಇಟ್ಟೆ.

ಮೂರನೇ ಸಲವೂ ಬಿಚ್ಚಿ ಜೋಡಿಸಿದ್ದಾಯಿತು. ಭಾವ ಪೆಟ್ಟಿಗೆ ಎತ್ತಲು ಬಗ್ಗಿದ. ನನಗೆ ನಿಜವಾಗಿ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಒದ್ದೆ ಕೈಯಲ್ಲೇ ಒಳಗೆ ಬಂದಳು.

"ಹ್ವಾಯ್, ನಿಮ್ ನಿನ್ನೆ ಅಂಗಿ ಕಿಸೆಯಗೆ ಇದ್ ಇತ್ತ್."

ಅವಳ ಕೈಯಲ್ಲಿದ್ದದ್ದು ಆ ಕೋಣೆಯ ಪ್ಲಗ್ಗಿನ ಫ್ಯೂಸು. ಯಾರ ಮನೆಯಲ್ಲೇ ಆಗಲಿ, ಕೆಲಸಕ್ಕೆ ಕೂರುವ ಮೊದಲು ಫ್ಯೂಸ್ ಕಿತ್ತು ಕಿಸೆಗೆ ಹಾಕುವುದು ನನ್ನ ಅಭ್ಯಾಸ, ನಡುವೆ ಯಾರೂ ಆನ್ ಮಾಡಬಾರದಲ್ಲ. ಶನಿವಾರವೂ ಕೈ ತನ್ನಷ್ಟಕ್ಕೇ ಆ ಕೆಲಸ ಮಾಡಿತ್ತು. ಫ್ಯಾನಿನ ಲೈನೇ ಬೇರೆ, ಅದು ತಿರುಗುತ್ತಲೇ ಇತ್ತು.

ಯಾರ ಮುಖವನ್ನೂ ನೋಡದೆ ಹೋಗಿ ಫ್ಯೂಸ್ ಹಾಕಿ ಬಂದೆ. ಗುಂಡಿ ಒತ್ತಿದ್ದೇ ಕಂಪ್ಯೂಟರ್ ಶುರುವಾಯಿತು. ಪಂಥ ಗೆದ್ದೆ, ಬಸ್ಸೂ ಉಳಿಯಿತು.

ಭಾವ ಕುರ್ಚಿ ಎಳೆದು ಕೂತು, ನನ್ನ ಮುಖವನ್ನೇ ನೋಡುತ್ತಾ ನಿಧಾನಕ್ಕೆ ಚಾ ಕುಡಿದ. ಲೋಟ ಕೆಳಗಿಟ್ಟು ಎದ್ದು ಹೊರಟವ ಬಾಗಿಲಲ್ಲಿ ನಿಂತ.

"ನನ್ ಅಂಗ್ಡಿ ಫ್ರಿಜ್ ಹಾಳಾಯ್ತ್ ಮಾರಾಯ. ಒಳ್ಳೆ ಎಲೆಕ್ಟ್ರಿಷಿಯನ್ ಯಾರಾರೂ ಗೊತ್ತಿದ್ರೆ ಹೇಳ್."