ಬೆಳ್ಳಿ ಕಪ್ಪಿನ ಮೇಲೆ ನಾಲ್ಕು ತಪ್ಪು

ಮೂರು ವರ್ಷಕ್ಕೆ ಆರು ಲಕ್ಷ ರೂಪಾಯಿಯ ಆರ್ಡರು. ಪದಕ, ಫಲಕ, ಸಣ್ಣ ಕಪ್, ದೊಡ್ಡ ಕಪ್ ಎಲ್ಲ ಸೇರಿ. ಇಷ್ಟೂ ವ್ಯಾಪಾರ ನಿಂತಿದ್ದುದು ಒಂದು ಹಳೆಯ ಬೆಳ್ಳಿ ಕಪ್ಪಿನ ಮೇಲೆ. ಹೈದರಾಬಾದಿನ ಕಾರ್ಖಾನೆ, ಕಚೇರಿಗಳ ತಂಡಗಳು ಪ್ರತಿ ವರ್ಷ ಫುಟ್‌ಬಾಲ್ ಆಡಿ ಗೆಲ್ಲುವ ಕಪ್ ಅದು. ಚೆಂಡು ಗುಂಡಗಿರುತ್ತದೆ ಎಂಬುದರಾಚೆ ಏನೂ ತಿಳಿಯದವರಿಗೂ ಊರಲ್ಲಿ ಅದರ ಹೆಸರು ಗೊತ್ತು. ಗೆದ್ದವರ ಹೆಸರನ್ನು, ಕೆಳಗೆ ಫೈನಲ್‌ನಲ್ಲಿ ಸೋತವರದ್ದನ್ನೂ, ಅದರ ಮೈಮೇಲೆ ಕೆತ್ತಿಸಿಕೊಡುವುದು ಅಬಿಡ್ಸ್‌ನಲ್ಲಿರುವ ನನ್ನ ಅಂಗಡಿಯ ಕೆಲಸ. ಕೆತ್ತನೆಗೆ ಸಿಗುವ ದುಡ್ಡು ಚಹಾಕ್ಕೂ ಸಾಲದು. ಆದರೆ ಕಪ್ ಯಾರ ಅಂಗಡಿಗೋ ಉಳಿದ ಆರ್ಡರೂ ಅವರಿಗೇ.

ಬಟ್ಟೆ ವ್ಯಾಪಾರಿಯ ತಪ್ಪು ಹರಿದು ಹೋಗುತ್ತದೆ. ಮಿಠಾಯಿಯವನ ತಪ್ಪನ್ನು ಗಿರಾಕಿಯೇ ತಿಂದು ಮುಗಿಸುತ್ತಾನೆ. ನಮ್ಮ ತಪ್ಪನ್ನು ಮಾತ್ರ ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಇಡುತ್ತಾರೆ. ಈ ಧಂದೆಗೆ ಇಳಿದು ಮೂವತ್ತು ವರ್ಷವಾಯಿತು. ತಪ್ಪಾಗುವುದೂ ನಿಂತಿಲ್ಲ, ಕಪಾಟು ಮಾಡುವುದೂ ನಿಂತಿಲ್ಲ.

೧. ಹೊಸ ಸ್ಟ್ಯಾಂಡು

ನಮ್ಮ ಕೆತ್ತನೆಯ ಉಸ್ತಾದರು ಕಪ್ಪನ್ನು ಬೋರಲು ಹಾಕಿ ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಕೆತ್ತುವವರು. ಅಕ್ಷರವನ್ನೂ ಉಲ್ಟಾ ಕೆತ್ತುತ್ತಾರೆ. ಕಪ್ ನಿಲ್ಲಿಸಿದಾಗ ಎಲ್ಲ ನೆಟ್ಟಗಾಗುತ್ತದೆ. ವಯಸ್ಸಾದವರ ಮೊಣಕಾಲು ನೋಯದಿರಲಿ ಎಂದು ನಾನು ಒಂದು ಮರದ ಸ್ಟ್ಯಾಂಡು ಮಾಡಿಸಿ, ಅದರಲ್ಲಿ ಕಪ್ಪನ್ನು ನೆಟ್ಟಗೆ ಕೂರಿಸಿ ಕೊಟ್ಟೆ. ಉಸ್ತಾದರು ಸಂತೋಷಪಟ್ಟರು. ರೂಢಿಯ ಪ್ರಕಾರ ಉಲ್ಟಾ ಕೆತ್ತಿದರು.

ಟೂರ್ನಿಯ ಕಾರ್ಯದರ್ಶಿಗಳು ಧಾರವಾಡ ಕಡೆಯವರು, ರಕ್ಷಣಾ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಪ್ಪನ್ನು ನೋಡಿದರು.

"ಸಾವಕಾರ್ರ, ಇದನ್ನ ಓದಾಕ ನಾ ತಲಿ ಕೆಳಗ ಮಾಡಿ ನಿಂದ್ರಬೇಕೇನ್ರೀ?"

ಉಸ್ತಾದರನ್ನು ಕೇಳಿದರೆ, "ಮೈ ತೋ ರೋಜ್ ಕೆ ಜೈಸಾಚ್ ಲಿಖ್ಯಾ ಸೇಠ್" ಎಂದರು. ಅಂದರೆ, ತಾವು ದಿನದ ಹಾಗೇ ಬರೆದದ್ದು, ಕಪ್ ನೆಟ್ಟಗೆ ಕೂತರೆ ಅದು ತಮ್ಮ ತಪ್ಪೇ ಎಂದು.

ತಿದ್ದಲು ಹೊತ್ತಿರಲಿಲ್ಲ, ಸಂಜೆಯೇ ಸಮಾರಂಭ. ಗೆದ್ದವರು ಕಪ್ಪಿನಲ್ಲಿ ಶರಬತ್ತು ತುಂಬಿ ಕುಡಿಯುವುದು ಅಲ್ಲಿಯ ಪದ್ಧತಿ. ನಾಯಕ ಕಪ್ ಎತ್ತಿ ಕೊನೆಯ ಹನಿಯವರೆಗೆ ಬಾಯಿಗೆ ಬಗ್ಗಿಸಿದ. ಎದುರಿಗೆ ನಿಂತವರಿಗೆ ಹೆಸರು ಎಷ್ಟು ನೆಟ್ಟಗೆ ಕಂಡಿತೆಂದರೆ ಕಾರ್ಯದರ್ಶಿಗಳು ಫೋಟೋದವನತ್ತ ತಿರುಗಿ ಕೂಗಿದರು: "ಲಗೂನ ತಗೀರಿ, ಇನ್ನೊಂದು ಗುಟುಕಷ್ಟ ಐತಿ!"

೨. ಇಬ್ಬರೂ ಗೆದ್ದರು

ಒಂದು ವರ್ಷ ಫೈನಲ್ ಸಮವಾಗಿ, ಕತ್ತಲಾಗಿ, ಎರಡೂ ತಂಡ ಗೆದ್ದಂತೆ ಎಂದು ತೀರ್ಮಾನವಾಯಿತು. ಯಾರ ಹೆಸರು ಮೇಲೆ ಎಂದು ಅಂಗಡಿಯಲ್ಲೇ ಜಗಳ. ಮೇಲೂ ಬೇಡ ಕೆಳಗೂ ಬೇಡ ಎಂದು ಒಂದನ್ನು ಈ ಬದಿಗೆ, ಇನ್ನೊಂದನ್ನು ಆ ಬದಿಗೆ ಕೆತ್ತಿಸಿದೆ. ಈಗ ವೇದಿಕೆಯಲ್ಲಿ ಯಾವ ಬದಿ ಜನರಿಗೆ ಕಾಣಬೇಕು ಎಂಬ ಜಗಳ. ಒಬ್ಬ ಕಪ್ ತಿರುಗಿಸಿ ಹೋಗುವನು, ಇನ್ನೊಬ್ಬ ಬಂದು ಮರಳಿ ತಿರುಗಿಸುವನು. ನೋಡಿ ಸಾಕಾಗಿ, ಶೋಕೇಸಿನಲ್ಲಿದ್ದ ಕರೆಂಟಿನ ತಿರುಗುವ ಪೀಠ ತಂದು ಕಪ್ಪನ್ನು ಅದರ ಮೇಲಿಟ್ಟೆ. ಇಬ್ಬರಿಗೂ ನ್ಯಾಯ.

ಟೂರ್ನಿಯ ಅಧ್ಯಕ್ಷರಿಗೆ ಗೆದ್ದವರ ಹೆಸರನ್ನು ಕಪ್ ನೋಡಿಯೇ ಓದುವ ಅಭ್ಯಾಸ. ಓದಿ, ಅಭಿನಂದಿಸಿ, ಮತ್ತೆ ಕಪ್ಪಿನತ್ತ ನೋಡಿದರು. ಬೇರೆ ಹೆಸರು! "ಕ್ಷಮಿಸಬೇಕು" ಎಂದು ಆ ತಂಡವನ್ನು ಅಭಿನಂದಿಸಿದರು. ಖಾತ್ರಿಗೆಂದು ಇನ್ನೊಮ್ಮೆ ನೋಡಿದರು. ಮೊದಲಿನ ಹೆಸರು! ಕನ್ನಡಕ ಒರೆಸಿಕೊಂಡು ಮತ್ತೆ ಕ್ಷಮೆ ಕೇಳಿದರು. ಅವರು ಏಳನೆಯ ಸಲ ಕ್ಷಮೆ ಕೇಳುವಾಗ ಕಾರ್ಯದರ್ಶಿಗಳು ಪ್ಲಗ್ ಕಿತ್ತರು.

೩. ನಲವತ್ತು ವರ್ಷದ ಹೊಲಸು

ಗೆದ್ದ ತಂಡದ ನಾಯಕನ ಮನೆಯಲ್ಲಿ ಕಪ್ ಒಂದು ವರ್ಷ ಇರುತ್ತದೆ. ಆ ಸಲ ಕಲಬುರಗಿ ಕಡೆಯ ಹುಡುಗನೊಬ್ಬನ ಮನೆಯಲ್ಲಿತ್ತು. ಹುಡುಗನ ತಾಯಿಯೇ ವಾಪಸು ತಂದುಕೊಟ್ಟರು. ಕಪ್ ಕನ್ನಡಿಯಂತೆ ಹೊಳೆಯುತ್ತಿತ್ತು. ಹೆಸರು ಒಂದೂ ಕಾಣುತ್ತಿರಲಿಲ್ಲ.

ಕೆತ್ತಿದ ಅಕ್ಷರ ಎದ್ದು ಕಾಣಲೆಂದು ಅದರೊಳಗೆ ನಾವು ಕರಿ ಬಣ್ಣ ತುಂಬುತ್ತೇವೆ. ಆ ಬಣ್ಣವೇ ಇರಲಿಲ್ಲ.

"ಏನ್ ಹೊಲಸ್ರೀ ಸಾವಕಾರ್ರ! ನಲವತ್ತು ವರ್ಷದ್ದು! ಹುಣಸಿಹಣ್ಣು ಹಚ್ಚಿ ತಿಕ್ಕಿದೆ, ಜಪ್ಪಯ್ಯ ಅಂದ್ರೂ ಹೋಗಲಿಲ್ಲ. ಆಮ್ಯಾಲ ಸೂಜಿ ತಗೊಂಡು ಒಂದೊಂದ ಸಂದಿ ಕೆದರಿ ತಗದೀನಿ. ಎರಡು ತಿಂಗಳು ಹಿಡೀತು."

"ಅವ್ವಾರ, ಅವು ಗೆದ್ದವರ ಹೆಸರ್ರೀ."

"ಗೆದ್ದು ಏನ್ ಬಂತ್ರೀ? ಒಬ್ಬರಾದ್ರೂ ತೊಳದಾರೇನು?"

ಉಸ್ತಾದರು ಭೂತಗನ್ನಡಿ ಹಿಡಿದು ಒಂಬತ್ತು ದಿನ ಕೂತು ಬಣ್ಣ ತುಂಬಿದರು. ನಡುವೆ ಒಂದು ದಿನ ಆ ತಾಯಿ ಮಗನ ಪದಕಕ್ಕೆ ಪಟ್ಟಿ ಹಾಕಿಸಲು ಬಂದವರು ಈ ಕೆಲಸ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯ ಶಿವನ! ಮುದುಕಪ್ಪ ಕುಂತು ಮತ್ತ ಹೊಲಸ ತುಂಬಾಕತ್ತಾನಲ್ರೀ!"

೪. ಎರಡು ಹೆಸರು, ಒಂದು ತಾರೀಖು

ಮೂರು ವರ್ಷದ ಹೊಸ ಆರ್ಡರಿಗೆ ಸಹಿ ಬೀಳಬೇಕಿದ್ದ ವರ್ಷ. ಕಾರ್ಯದರ್ಶಿಗಳು ಮೊದಲೇ ಎಚ್ಚರಿಸಿದ್ದರು: "ಸಾವಕಾರ್ರ, ಮೂರು ಆದೂವು. ಇನ್ನೊಂದ್ ತಪ್ಪಾತಂದ್ರ ಆರ್ಡರ್ ಎದುರಿನ ಅಂಗಡಿಗೆ. ಸಮಾರಂಭದಾಗ ಕಪ್ ನೋಡಿ ಆಮ್ಯಾಲ ಸಹಿ."

ಸಮಾರಂಭದ ವಾರವೇ ಉಸ್ತಾದರಿಗೆ ಕಣ್ಣಿನ ಆಪರೇಷನ್. ಫೈನಲ್‌ನಲ್ಲಿ ಪಟಾನ್‌ಚೆರುವಿನ ಔಷಧ ಕಾರ್ಖಾನೆಯವರು ಕೊಂಡಾಪುರದ ಸಾಫ್ಟ್‌ವೇರ್ ಕಚೇರಿಯವರನ್ನು ಸೋಲಿಸಿದ್ದರು. ಎಂದಿನಂತೆ ಚೀಟಿಯಲ್ಲಿ ನಾಲ್ಕು ಸಾಲು ಬರೆದೆ: ಗೆದ್ದ ಊರು, ಸೋತ ಊರು, ತಾರೀಖು, ಕೆಳಗೆ ಕಪ್ ಕೊಡುವ ಅಧ್ಯಕ್ಷರ ಹೆಸರು. ಬೇರೆ ದಾರಿ ಕಾಣದೆ, ನಮ್ಮ ಓಣಿಯ ಪಾತ್ರೆ ಅಂಗಡಿಯಲ್ಲಿ ಕೂತು ಸ್ಟೀಲ್ ಸಾಮಾನಿಗೆ ಹೆಸರು ಹಾಕುವವನಿಗೆ ಕಪ್ಪನ್ನೂ ಚೀಟಿಯನ್ನೂ ಕೊಟ್ಟೆ. ಮದುವೆಯ ಹಂಗಾಮು, ಅವನ ಸುತ್ತ ಕೊಡ, ತಂಬಿಗೆ, ಡಬ್ಬಿಗಳ ಗುಡ್ಡ. ಸಂಜೆ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕಳಿಸಿದ. ಇಷ್ಟು ಚಂದ ಸುತ್ತಿದವನು ಒಳಗೂ ಚಂದ ಬರೆದಿರುತ್ತಾನೆ ಎಂದು ನಾನು ಬಿಚ್ಚಿ ನೋಡಲಿಲ್ಲ. ಆ ರಿಬ್ಬನ್ ಏಕೆ ಎಂದಾದರೂ ಯೋಚಿಸಬೇಕಿತ್ತು.

ವೇದಿಕೆಯಲ್ಲಿ ಅಧ್ಯಕ್ಷರು ಕಪ್ಪಿನ ಕಾಗದ ಬಿಚ್ಚಿ, ಕನ್ನಡಕ ಏರಿಸಿ, ಮೈಕಿನ ಮುಂದೆ ತೆಲುಗಿನಲ್ಲಿ ಓದತೊಡಗಿದರು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: "ಚಿರಂಜೀವಿ ಪಟಾನ್‌ಚೆರು ಮತ್ತು ಚಿರಂಜೀವಿ ಲಕ್ಷ್ಮೀ ಸೌಭಾಗ್ಯವತಿ ಕೊಂಡಾಪುರ, ಇವರ ಶುಭವಿವಾಹದ ಸಂದರ್ಭದಲ್ಲಿ..."

ಅಲ್ಲಿಗೆ ನಿಂತರು. ಅಧ್ಯಕ್ಷರು ಕಾರ್ಯದರ್ಶಿಗಳನ್ನು ನೋಡಿದರು. ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ. ಕಪ್ ಬದಲಾಗಿದೆಯೋ, ಸಭಾಂಗಣವೇ ಬದಲಾಗಿದೆಯೋ ಯಾರಿಗೂ ತಿಳಿಯಲೊಲ್ಲದು. ಮೂಲೆಗೆ ಸರಿದು ಪಾತ್ರೆಯವನಿಗೆ ಫೋನ್ ಹಚ್ಚಿದೆ.

"ರೆಂಡು ಪೇರ್ಲು, ಒಕ ತೇದಿ, ಕಿಂದ ಪೆದ್ದಾಯನ ಪೇರು," ಎಂದ ಅವನು, ತಣ್ಣಗೆ. ಎರಡು ಹೆಸರು, ಒಂದು ತಾರೀಖು, ಕೆಳಗೊಬ್ಬ ಹಿರಿಯರ ಹೆಸರು. "ಪೆಂಡ್ಲಿ ಕಾಕ ಇಂಕೇಂದಿ ಸೇಠ್?" ಮದುವೆಯಲ್ಲದೆ ಇನ್ನೇನು? ಊರ ಹೆಸರುಗಳನ್ನು ಅವನು ಮನೆತನದ ಹೆಸರೆಂದುಕೊಂಡಿದ್ದನಂತೆ. ಹೆಣ್ಣಿನ ಹೆಸರಿಗೆ ಸೌಭಾಗ್ಯವತಿ ಹಾಕಲು ನಾನು ಮರೆತಿದ್ದೆನಂತೆ. ಅದನ್ನೂ ಅವನೇ ಸೇರಿಸಿದ್ದನಂತೆ. ಪುಕ್ಕಟೆ.

ಅಷ್ಟರಲ್ಲಿ ಹಿಂದಿನ ಸಾಲಿನ ಕಾರ್ಖಾನೆ ಹುಡುಗರು ಕುರ್ಚಿ ಬಡಿದು ಗಟ್ಟಿಮೇಳ ಶುರುಮಾಡಿದರು. ಯಾರೋ ಹಾರದಿಂದ ಹೂ ಕಿತ್ತು ಅಕ್ಷತೆಯಂತೆ ಎರಚಿದರು. ಕೊಂಡಾಪುರದ ನಾಯಕ ಎದ್ದು ಬಂದು ಮೈಕ್ ಕಸಿದುಕೊಂಡ. ಮುಗಿಯಿತು, ಆರು ಲಕ್ಷ ಎದುರಿನ ಅಂಗಡಿಗೆ ಹೋಯಿತು ಎಂದುಕೊಂಡೆ.

"ಸೋತಿದ್ದು ಒಪ್ಪಿದೆವು," ಎಂದ ಅವನು. "ಆದರೆ ನಮ್ಮನ್ನೇ ಹೆಣ್ಣಿನ ಕಡೆಯವರು ಅಂತ ಮಾಡಿದ್ದು ಯಾರು?"

ಪಟಾನ್‌ಚೆರುವಿನ ನಾಯಕ ಕೂತಲ್ಲಿಂದಲೇ ಕೂಗಿದ: "ಯಾರಾದರೂ ಇರಲಿ ಬಾವ, ಊಟದ ಖರ್ಚು ನಿಮ್ಮದೇ!"

ಕೊಂಡಾಪುರದವರು ಮರ್ಯಾದೆ ಬಿಡಲಿಲ್ಲ. ಅಲ್ಲೇ ಫೋನಿನಲ್ಲಿ ನಲವತ್ತು ಬಿರಿಯಾನಿ ತರಿಸಿದರು. ಬಹುಮಾನ ಕೊಟ್ಟ ಕೂಡಲೇ ಖಾಲಿಯಾಗುತ್ತಿದ್ದ ಸಭಾಂಗಣದಲ್ಲಿ ಅಂದು ಒಬ್ಬರೂ ಕದಲಲಿಲ್ಲ. ಅಧ್ಯಕ್ಷರು ಎರಡೂ ತಂಡದ ನಡುವೆ ಕೂತು ಬೀಗರ ಊಟ ಮುಗಿಸಿ, ಕಾರ್ಯದರ್ಶಿಗಳನ್ನು ಕರೆದು ಏನೋ ಹೇಳಿದರು. ಕಾರ್ಯದರ್ಶಿಗಳು ಆರ್ಡರಿನ ಕಾಗದ ಹಿಡಿದು ನನ್ನ ಬಳಿ ಬಂದರು.

"ಅದನ್ನ ಅಳಸಬಾರದಂತ್ರೀ," ಎಂದರು, ತಮಗೇ ನಂಬಿಕೆಯಿಲ್ಲದವರಂತೆ. "ಎರಡೂ ಕಡೆಯವರು ಹಟ ಹಿಡದಾರ. ಎಲ್ಲಿ ಸಹಿ ಮಾಡ್ಲಿ?"

ಒಟ್ಟು ನನಗೆ ದಕ್ಕಿದ್ದು: ಮೂರು ವರ್ಷದ ಆರ್ಡರು, ಒಂದು ಪ್ಲೇಟು ಬಿರಿಯಾನಿ, ಮತ್ತು ಮರುದಿನ ಇಬ್ಬರು ನಾಯಕರೂ ಕೂಡಿ ಬಂದು ಕೊಟ್ಟ ಇಪ್ಪತ್ತೆರಡು ಸ್ಟೀಲ್ ತಂಬಿಗೆಯ ಆರ್ಡರು, ಒಬ್ಬ ಆಟಗಾರನಿಗೆ ಒಂದು, ಬರಹ ಅದೇ.