ಮಾವನವರ ಮೀಸೆಗೆ ತಕ್ಕ ಕಾಗದ

ಕಪ್ಪು ಎಂದರೆ ಕಪ್ಪು, ಬಿಳಿ ಎಂದರೆ ಬಿಳಿ ಎಂದು ನಂಬಿದವರು ಈ ಲೋಕದಲ್ಲಿ ಸುಖವಾಗಿದ್ದಾರೆ. ನಾನು ಮಾತ್ರ ಎರಡರ ನಡುವಿನ ಬೂದುಬಣ್ಣದಲ್ಲಿ ಸಿಕ್ಕಿಬಿದ್ದವನು. ಕಪ್ಪು-ಬಿಳುಪು ಫೋಟೊ ತೆಗೆದು ಮನೆಯಲ್ಲೇ ಪ್ರಿಂಟ್ ಹಾಕುವ ಹುಚ್ಚು ನನ್ನದು. ಊರು ಶಹಾಬಾದ, ಕಾಲಿಟ್ಟಲ್ಲೆಲ್ಲ ಬೂದು ಕಲ್ಲು, ವಾಡಿಯ ಸಿಮೆಂಟ್ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಗಿಡದ ಎಲೆಯೂ ಬೂದು. "ಇಷ್ಟು ಬೂದಿ ಬಣ್ಣ ಸಾಲಲಿಲ್ಲಂತ ಕಾಗದದ ಮ್ಯಾಲ ಬ್ಯಾರೆ ಬೇಕೇನ್ರಿ ನಿಮಗ?" ಎನ್ನುತ್ತಾಳೆ ಹೆಂಡತಿ. ಅವಳಿಗೆ ಎದುರು ಮಾತಾಡುವ ಧೈರ್ಯ ಮದುವೆಯಾದಂದಿನಿಂದಲೂ ನನಗಿಲ್ಲ.

ಇಂಥ ನನಗೆ ಸೇಡಂನ ಮಾವನವರ ಫೋಟೊ ತೆಗೆಯುವ ಯೋಗ ಬಂತು. ಅವರ ಪಡಸಾಲೆಯ ಗೋಡೆಯ ಮೇಲೆ ಚಿಂಚೋಳಿಯ ಹಿರಿಯ ಅಳಿಯ ಕೊಟ್ಟ ಗಡಿಯಾರ ಬಹಳ ವರ್ಷಗಳಿಂದ ಮೆರೆಯುತ್ತಿದೆ. ಅದರ ಪಕ್ಕದಲ್ಲಿ ನನ್ನ ಕೈಕೆಲಸವೂ ತೂಗಬೇಕೆಂಬುದು ನನ್ನ ಆಸೆ. ಆಸೆ ಏನು ಬಂತು, ಹೊಟ್ಟೆಕಿಚ್ಚು ಎಂದೇ ಹೇಳಿಬಿಡುತ್ತೇನೆ. ಮಾವನವರು ತಮ್ಮ ಮದುವೆಗೆ ಹೊಲಿಸಿದ್ದ ಕರಿ ಕೋಟನ್ನು ಗುಂಡಿ ಹಾಕದೆ ತೊಟ್ಟು, ಮೀಸೆ ತೀಡಿ ಕೂತರು. ಎಪ್ಪತ್ತು ದಾಟಿದರೂ ಅವರ ಮೀಸೆ ಕರ್ರಗಿದೆ. ಅದೆಲ್ಲ ಕುಸುಬಿ ಎಣ್ಣೆಯ ಮಹಿಮೆ ಎಂದು ಅವರು ಊರಿಗೆಲ್ಲ ಹೇಳಿದ್ದಾರೆ, ಊರು ನಂಬಿದೆ.

ಮೊದಲು ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿದೆ. ಹೊಳಪಿಲ್ಲದ ಒರಟು ಮೈ. ಮುಖದ ಸುಕ್ಕು, ನೆರಳು ಎಲ್ಲ ಮೆತ್ತಗೆ ಬಂದವು. ಆದರೆ ಆ ಕಾಗದ ಮಸಿ ಕುಡಿಯುತ್ತದೆ, ಕಡುಗಪ್ಪು ಅದರ ಹಣೆಯಲ್ಲಿ ಬರೆದಿಲ್ಲ. ಮಾವನವರು ಮುಖ ಬಿಟ್ಟು ಕೋಟನ್ನೇ ನೋಡಿದರು.

"ಅಳಿಯಂದ್ರ, ಈ ಕೋಟು ಇನ್ನಾ ಬಣ್ಣ ಬಿಟ್ಟಿಲ್ರಿ. ಇದ್ರಾಗ ನೋಡಿದ್ರ ಸಿಮೆಂಟ್ ಚೀಲ ಹೊತ್ತು ಬಂದಂಗ ಕಾಣ್ತದ."

ಮರುವಾರ ಗ್ಲಾಸಿ ಕಾಗದ ತಂದೆ. ಇದರಲ್ಲಿ ಮಸಿ ಇಂಗದೆ ಮೇಲೇ ನಿಲ್ಲುತ್ತದೆ. ಕಪ್ಪು ಕಪ್ಪಾಗಿ, ಬಿಳಿ ಬೆಳ್ಳಗೆ, ನಡುವಿನ ಛಾಯೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಕೋಟು ನೋಡಿ ಮಾವನವರು ಹಿಗ್ಗಿದರು. ಅಷ್ಟರಲ್ಲಿ ಅತ್ತೆಯವರು ಕನ್ನಡಕ ಏರಿಸಿಕೊಂಡು ಬಂದರು.

"ಕೋಟು ಭಾಳ ಛಲೋ ಬಂದದ. ಮೀಸಿ ಬುಡಕ್ಕ ಬೆಳ್ಳಗ ಏನದ ಇದು? ತುಟಿ ಮ್ಯಾಲ ಈ ಕರಿ ಬಣ್ಣ ಎದ್ರದು?"

ಬುಡದ ಬಿಳಿಯನ್ನೂ ಚರ್ಮಕ್ಕೆ ಮೆತ್ತಿದ ಬಣ್ಣವನ್ನೂ ನನ್ನ ಕಾಗದ ಒಂದೂ ಬಿಡದೆ ಹೇಳಿಬಿಟ್ಟಿತ್ತು. ಮಾವನವರ ಮುಖ ನೋಡಿ ಪಾಪ ಎನಿಸಿತು, ನಗುವೂ ಬಂತು. ಕಂಪ್ಯೂಟರಿನಲ್ಲಿ ತಿದ್ದಿಕೊಡಲೇ ಎಂದು ಮೆಲ್ಲಗೆ ಕೇಳಿದೆ.

"ತಿದ್ದಲಿಕ್ಕ ಏನದ್ರಿ ಅದ್ರಾಗ?" ಎಂದರು ಮಾವನವರು. ನಾನು ಕಾಗದದ ಗುಣ ಮರೆಯಾಗಬಾರದೆಂದು ಗಾಜಿಲ್ಲದ ಚೌಕಟ್ಟು ಹಾಕಿಸಿ ಕೊಟ್ಟು ಬಂದೆ.

ಮುಂದಿನ ಸಲ ಹೋದಾಗ ಫೋಟೊ ಗಡಿಯಾರದ ಪಕ್ಕದಲ್ಲೇ ತೂಗುತ್ತಿತ್ತು. ನನ್ನ ಎದೆ ಉಬ್ಬಿತು. ಕುರ್ಚಿಯಲ್ಲಿ ಕೂತು ನೋಡುತ್ತೇನೆ, ಕೋಟು ಕಾಣುತ್ತದೆ, ಹಣೆ ಕಾಣುತ್ತದೆ, ಮೂಗಿನ ಕೆಳಗೆ ಮಾತ್ರ ಎದುರಿನ ಟ್ಯೂಬ್‌ಲೈಟಿನ ಬಿಳಿ ಪಟ್ಟಿ. ಗ್ಲಾಸಿ ಕಾಗದ ದೀಪ ಕಂಡರೆ ಕನ್ನಡಿಯಾಗುತ್ತದೆ. ಆ ಪಟ್ಟಿ ಮೀಸೆಯ ಮೇಲೇ ಬೀಳುವಂತೆ ಮಾವನವರು ಚೌಕಟ್ಟನ್ನು ಹೇಗೆಲ್ಲ ಬಾಗಿಸಿ ನೋಡಿದ್ದರೋ, ದೇವರೇ ಬಲ್ಲ.

ಚಹಾಕ್ಕೆ ಬಂದಿದ್ದ ಪಕ್ಕದ ಮನೆಯವರು ಗೋಡೆ ನೋಡಿ, "ಯಾರು ತೆಗೆದಾರ್ರಿ ಈ ಫೋಟೊ? ಕೋಟೇನೋ ಛಲೋ ಅದ, ಅಂಥ ಮೀಸಿನೇ ಹಾಳು ಮಾಡ್ಯಾರಲ್ಲ" ಎಂದರು.

ಮಾವನವರು ಮೀಸೆ ತೀಡಿಕೊಂಡರು. "ನಮ್ಮ ಅಳಿಯಂದ್ರೇ ತೆಗೆದಾರ್ರಿ. ಪಾಪ, ಇನ್ನಾ ಕಲೀಲಿಕತ್ತಾರ."

ಎಲ್ಲರೂ ನನ್ನ ಕಡೆ ನೋಡಿದರು. "ಹೌದ್ರಿ, ಇನ್ನಾ ಕಲೀಲಿಕತ್ತೀನಿ" ಎಂದೆ.